ರೇಷ್ಮೆಹುಳುವಿಗೆ ತಂಪು, ಕೂಸಿಗೆ ಶೀಟು

ಬೇಸಿಗೆಯಲ್ಲಿ ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ ಹುಳುಮನೆಯೊಂದರ ಒಳಗೆ ಹೋಗಿ ನೋಡಿ. ಚಾವಣಿಯ ಮೇಲೆ ತೆಂಗಿನ ಗರಿ, ಕಿಟಕಿಗೆ ಒದ್ದೆ ಗೋಣಿತಾಟು, ಗೋಡೆಗೊಂದು ಉಷ್ಣಮಾಪಕ. ರೇಷ್ಮೆಹುಳುವಿಗೆ 24ರಿಂದ 28 ಡಿಗ್ರಿ ಬೇಕು; ಕಾವು ಏರಿದರೆ ಸೊಪ್ಪು ಮುಟ್ಟುವುದಿಲ್ಲ, ರೋಗ ಹಿಡಿಯುತ್ತದೆ. ಇದು ರೈತರಿಗೂ ಗೊತ್ತು, ರೇಷ್ಮೆ ಇಲಾಖೆಗೂ ಗೊತ್ತು. ಹುಳುಮನೆ ಕಟ್ಟಲು ಸಹಾಯಧನವೂ ಉಂಟು. ಕಳೆದ ಏಪ್ರಿಲ್‌ನಲ್ಲಿ ಅಂಥದೇ ಹುಳುಮನೆಯಿಂದ ಹೊರಬಂದವನಿಗೆ ಎದುರಿಗೇ ಕಂಡದ್ದು ಸರ್ಕಾರದ ದುಡ್ಡಿನಲ್ಲಿ ಎದ್ದ ಶೀಟಿನ ಮನೆ. ಮಧ್ಯಾಹ್ನ ಮೂರರ ಹೊತ್ತು. ಒಳಗೆ ಮಲಗಿಸಲಾಗದ ಕೂಸನ್ನು ತಾಯಿ ಹುಣಸೆಮರದ ಬುಡದಲ್ಲಿ ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

ಆ ಶೀಟು ಅವಳ ಆಯ್ಕೆಯಲ್ಲ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ 2016ರಲ್ಲಿ ಬಯಲು ಪ್ರದೇಶದ ಮನೆಗೆ ಗೊತ್ತುಮಾಡಿದ್ದು 1.20 ಲಕ್ಷ ರೂಪಾಯಿ. 2024ರಲ್ಲಿ ಇನ್ನೂ 2 ಕೋಟಿ ಮನೆ ಘೋಷಿಸಿದಾಗಲೂ ಆ ಮೊತ್ತ ಕದಲಲಿಲ್ಲ. ಸಿಮೆಂಟು, ಕಂಬಿ, ಗಾರೆ ಕೂಲಿ ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. ಗೋಡೆ ಲಿಂಟಲ್ ಮಟ್ಟ ದಾಟುವಷ್ಟರಲ್ಲಿ ಕೈ ಬರಿದು. ಆಮೇಲೆ ಸಾಲ ಮಾಡಿ ಮೋಲ್ಡ್ ಹಾಕಿಸಬೇಕು, ಇಲ್ಲವೇ ಶೀಟು ಹೊದಿಸಬೇಕು. ದೊಡ್ಡಬಳ್ಳಾಪುರದಲ್ಲಿ ಎಷ್ಟೋ ನೇಕಾರರಿಗೆ ಮನೆ, ಮಗ್ಗ ಎರಡಕ್ಕೂ ಒಂದೇ ಚಾವಣಿ. ಅವರಿಗೆ ಕೆಲಸ ಮುಗಿಸಿ ತಪ್ಪಿಸಿಕೊಂಡು ಹೋಗಲು ಬೇರೆ ನೆರಳೂ ಇಲ್ಲ.

ಜನಗಣತಿಯ ವಿಂಗಡಣೆಯಲ್ಲಿ ಮಣ್ಣಿನ ಗೋಡೆ ಕಚ್ಚಾ, ಕಲ್ನಾರು ಶೀಟಿನ ಚಾವಣಿ ಪಕ್ಕಾ. ಮಳೆ ತಡೆದರೆ ಸಾಕು, ಬಿಸಿಲು ಲೆಕ್ಕಕ್ಕಿಲ್ಲ ಎಂಬ ಈ ಅಳತೆ ತಪ್ಪು. 2024ರ ಏಪ್ರಿಲ್‌ನಲ್ಲಿ ಬೆಂಗಳೂರೇ 38 ಡಿಗ್ರಿ ದಾಟಿದ ಮೇಲೂ ಅದನ್ನೇ ಹಿಡಿದುಕೊಂಡಿರುವುದು ಅನ್ಯಾಯ.

'ಜನರಿಗೆ ಮಣ್ಣಿನ ಮನೆ ಬೇಡ, ಅದು ಬಡತನದ ಗುರುತು' ಎನ್ನುತ್ತಾರೆ. ನಿಜ, ಮಳೆಗಾಲದಲ್ಲಿ ಗೋಡೆ ಕುಸಿದದ್ದನ್ನು ಕಂಡವರಿಗೆ ಆ ಭಯ ಇದ್ದೇ ಇದೆ. ನಾನು ಕೇಳುತ್ತಿರುವುದು ಆ ಗೋಡೆಯನ್ನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರದವರು ಮಣ್ಣಿಗೆ ತುಸು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡಿ ತೋರಿಸಿದರು. ಕಾಂಕ್ರೀಟಿನಲ್ಲಿ ಕಂಬಿಗಳ ನಡುವೆ ಹೆಂಚು ಕೂರಿಸಿ ಚಾವಣಿ ಹಾಕಿದರೆ ಸಿಮೆಂಟೂ ಉಳಿಯುತ್ತದೆ, ಕಾವೂ ತಗ್ಗುತ್ತದೆ. ಹೊಸಕೋಟೆಯ ಪಕ್ಕದ ಮಾಲೂರಿನಲ್ಲೇ ಹೆಂಚು ಸಿಗುತ್ತದೆ. ಇರುವ ಶೀಟಿಗೆ, ಮೋಲ್ಡಿಗೆ ಬಿಳಿ ಬಳಿದರೂ ಒಳಗಿನ ಬಿಸಿ ಇಳಿಯುತ್ತದೆ. ತೆಲಂಗಾಣ 2023ರಲ್ಲೇ ತಂಪು ಚಾವಣಿಗೊಂದು ನೀತಿ ತಂದಿತು. ಯುಗಾದಿಗೆ ಸುಣ್ಣ ಬಳಿಯುವ ನಮ್ಮ ಊರುಗಳಿಗೆ ಇದನ್ನು ಹೇಳಿಕೊಡಬೇಕೇ?

ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಚಾವಣಿಗೆಂದೇ ಬೇರೆ ಹಣ ಕೊಡಲಿ, ಅದು ಶೀಟಿಗಲ್ಲದೆ ತಂಪು ಚಾವಣಿಗೆ ಸಾಕಾಗುವಷ್ಟಿರಲಿ. ಕಂತು ಬಿಡುಗಡೆಗೆಂದು ತಳಪಾಯದ ಫೋಟೊ, ಗೋಡೆಯ ಫೋಟೊ ತೆಗೆಯಲು ಬರುವವರು ಏಪ್ರಿಲ್‌ನಲ್ಲೊಂದು ಮಧ್ಯಾಹ್ನ ಮೂರು ಗಂಟೆಗೆ ಬರಲಿ. ಹುಳುಮನೆಯ ಆ ಉಷ್ಣಮಾಪಕವನ್ನು ಕೂಸು ಮಲಗುವ ಜಾಗದಲ್ಲಿ ತೂಗುಹಾಕಿ, ಅದು ತೋರಿಸಿದ್ದನ್ನು ಕಡತದಲ್ಲಿ ಬರೆದುಕೊಳ್ಳಲಿ.