ಕಪ್ಪು ಹೋಗಿ ಕೆಂಪು ಬಂತು, ಸುಧಾರಿಸಿತೇ?

ಪ್ರಾಚೀನ ಗ್ರೀಕರ ಚಿತ್ರವಿರುವ ಮಣ್ಣಿನ ಪಾತ್ರೆಗಳ ಬಗ್ಗೆ ಬರೆಯಿರಿ ಎಂದರೆ ನಾವು ಸಾಮಾನ್ಯವಾಗಿ ಹೀಗೆ ಬರೆಯುತ್ತೇವೆ: ಮೊದಲು ಕಪ್ಪು ಆಕೃತಿಯ ಶೈಲಿ ಇತ್ತು, ಆಮೇಲೆ ಅದು ಸುಧಾರಿಸಿ ಕೆಂಪು ಆಕೃತಿಯ ಶೈಲಿಯಾಯಿತು. ಈ ‘ಸುಧಾರಿಸಿ’ ಎಂಬ ಪದಕ್ಕೆ ನನ್ನ ತಕರಾರಿದೆ.

ಎರಡಕ್ಕೂ ಬೇಕಾದದ್ದು ಅದೇ ಮಣ್ಣು, ಅದೇ ಬೆಂಕಿ. ಆ ಕಪ್ಪು ಹೊರಗಿನಿಂದ ತಂದ ಬಣ್ಣವಲ್ಲ. ಕಬ್ಬಿಣದ ಅಂಶವಿರುವ ಜೇಡಿಮಣ್ಣನ್ನು ನೀರಿನಲ್ಲಿ ಕದಡಿ, ಅದರ ನಯವಾದ ಭಾಗವನ್ನಷ್ಟೇ ತೆಗೆದು ಬಳಿಯುತ್ತಿದ್ದರು. ಆವಿಗೆಗೆ ಮೊದಲು ಗಾಳಿ ಬಿಟ್ಟಾಗ ಎಲ್ಲವೂ ಕೆಂಪು. ಗಾಳಿ ಮುಚ್ಚಿ ಹಸಿ ಕಟ್ಟಿಗೆ ಹಾಕಿದಾಗ ಎಲ್ಲವೂ ಕಪ್ಪು. ಮತ್ತೆ ಗಾಳಿ ಬಿಟ್ಟರೆ ಪಾತ್ರೆ ಕೆಂಪಾಗುತ್ತದೆ, ಬಳಿದ ಭಾಗ ಮಾತ್ರ ಗಾಜಿನಂತೆ ಬಿಗಿದು ಕಪ್ಪಾಗಿಯೇ ಉಳಿಯುತ್ತದೆ. ಸೈನ್ಸ್ ವಿಭಾಗದವರಿಗೆ ಇದು ಆಕ್ಸಿಡೇಷನ್, ರಿಡಕ್ಷನ್ ಪಾಠ. (9ನೇ ಶತಮಾನದಲ್ಲಿ ಅಬ್ಬಾಸಿಯರ ಇರಾಕಿನ ಕುಂಬಾರರು ಪಾತ್ರೆಗಳಿಗೆ ಲೋಹದ ಹೊಳಪು ತಂದದ್ದೂ ಆವಿಗೆಯಲ್ಲಿ ಗಾಳಿ ತಡೆದೇ.)

ಕ್ರಿ.ಪೂ. 525ರ ಸುಮಾರಿಗೆ ಅಥೆನ್ಸ್‌ನಲ್ಲಿ ಬದಲಾದದ್ದು ಮುಖ್ಯವಾಗಿ ಬಳಿಯುವ ಜಾಗ. ಹಿಂದೆ ಆಕೃತಿಗೆ ಬಳಿದು, ಚೂಪು ಮೊನೆಯಿಂದ ಗೀರಿ ಕಣ್ಣು, ಗಡ್ಡ, ಬಟ್ಟೆಯ ಅಂಚು ಬಿಡಿಸುತ್ತಿದ್ದರು. ಈಗ ಹಿನ್ನೆಲೆಗೆ ಬಳಿದು, ಆಕೃತಿಯನ್ನು ಮಣ್ಣಿನ ಬಣ್ಣದಲ್ಲೇ ಬಿಟ್ಟು, ಒಳಗೆ ಕುಂಚದಿಂದ ಗೆರೆ ಎಳೆದರು. ತಿರುಗಿದ ಬೆನ್ನು, ಮಡಚಿದ ಮೊಣಕಾಲು ಬಿಡಿಸುವುದು ಇದರಿಂದ ಸುಲಭವಾಯಿತು, ಒಪ್ಪುತ್ತೇನೆ.

ಆದರೆ ಕಪ್ಪು ಶೈಲಿಯ ಎಕ್ಸೇಕಿಯಾಸ್‌ನನ್ನು ನೋಡಿ. ವ್ಯಾಟಿಕನ್‌ನಲ್ಲಿರುವ ಅವನ ಪಾತ್ರೆಯ ಮೇಲೆ ಅಕಿಲೀಸ್ ಮತ್ತು ಏಜಾಕ್ಸ್ ಈಟಿ ಹಿಡಿದೇ ಕುಳಿತು ಆಟವಾಡುತ್ತಿದ್ದಾರೆ. ಅವರ ಹೊದಿಕೆಯ ಕುಸುರಿ ಪೂರ್ತಿ ಗೀರಿನಿಂದಲೇ ಮೂಡಿದ್ದು. ಪಾತ್ರೆ ಮಾಡಿದವನೂ ಚಿತ್ರ ಬರೆದವನೂ ತಾನೇ ಎಂದು ಅದರ ಮೇಲೆ ಹೆಸರು ಹಾಕಿದ್ದಾನೆ. ಹೊಸದು ಬಂತೆಂದು ಇದನ್ನು ಕಡಿಮೆ ದರ್ಜೆಯದು ಎನ್ನುವುದು ಆ ಕೈಗೆ ಮಾಡುವ ಅನ್ಯಾಯ.

ಅಥೆನ್ಸಿನವರೂ ಹಳೆಯದನ್ನು ಒಮ್ಮೆಲೇ ಬಿಸಾಡಲಿಲ್ಲ. ಮ್ಯೂನಿಕ್‌ನಲ್ಲಿರುವ ಒಂದು ಪಾತ್ರೆಯಲ್ಲಿ ಹೆರಾಕ್ಲೀಸ್ ಒರಗಿ ಕುಳಿತ ದೃಶ್ಯ ಒಂದು ಬದಿಗೆ ಕಪ್ಪು, ಇನ್ನೊಂದು ಬದಿಗೆ ಕೆಂಪು. ಪ್ಯಾನಥೆನಾಯಿಕ್ ಕ್ರೀಡಾಕೂಟದಲ್ಲಿ ಗೆದ್ದವರಿಗೆ ಆಲಿವ್ ಎಣ್ಣೆ ತುಂಬಿ ಕೊಡುತ್ತಿದ್ದ ಬಹುಮಾನದ ಪಾತ್ರೆಗಳನ್ನಂತೂ ಮುಂದಿನ ಶತಮಾನಗಳಲ್ಲೂ ಕಪ್ಪು ಶೈಲಿಯಲ್ಲೇ ಮಾಡಿದರು. ಅದು ಕಳಪೆಯಾಗಿದ್ದರೆ ಬಹುಮಾನಕ್ಕೆ ಅದನ್ನೇ ಯಾಕೆ ಇಟ್ಟುಕೊಳ್ಳುತ್ತಿದ್ದರು?

ಮುಂದಿನ ಟೆಸ್ಟ್‌ನಲ್ಲಿ ನಾನಂತೂ ‘ಬದಲಾಯಿತು’ ಎಂದೇ ಬರೆಯುತ್ತೇನೆ. ಸರ್ ಅರ್ಧ ಅಂಕ ಕಳೆದರೆ, ಸ್ಟಾಫ್ ರೂಮಿಗೆ ಬಂದು ವಾದಿಸಲು ಸಿದ್ಧ.