ಹಾಡಿದವರೇ ಹಾಡು ಬದಲಿಸಿದರೆ ನಮಗ್ಯಾಕೆ ಸಿಟ್ಟು?

ಆಶಾ ಭೋಸಲೆ 1996ರಲ್ಲಿ 'ರಾಹುಲ್ ಅಂಡ್ ಐ' ಅಂತ ಒಂದು ಆಲ್ಬಂ ತಂದರು. ರಾಹುಲ್ ಅಂದರೆ ರಾಹುಲ್ ದೇವ್ ಬರ್ಮನ್, ಎಲ್ಲರ ಪಂಚಮ್. ಅವರು 1994ರ ಜನವರಿ 4ರಂದು ತೀರಿಕೊಂಡು ಆಗಿನ್ನೂ ಎರಡು ವರ್ಷ. ಗಂಡನ ಸಂಗೀತದಲ್ಲಿ ತಾವೇ ಹಾಡಿ ಹೆಸರು ಮಾಡಿದ್ದ ಹಾಡುಗಳನ್ನು ಆರಿಸಿಕೊಂಡು, ಲೆಸ್ಲಿ ಲೂಯಿಸ್ ಕೈಯಿಂದ ಹೊಸ ತಾಳ, ಹೊಸ ವಾದ್ಯ ಹಾಕಿಸಿ ರೀಮಿಕ್ಸ್ ಮಾಡಿಸಿದರು. ಅರವತ್ತು ದಾಟಿದ ಗಾಯಕಿ ಹರೆಯದ ಹುಡುಗರ ಜೊತೆ ಕೂತು ತನ್ನದೇ ಹಾಡನ್ನು ಬಿಚ್ಚಿ ಮತ್ತೆ ಹೊಲಿದಂಗೆ ಅನ್ನಿ.

ನಮ್ಮ ಕಡೆ ಇದು ಬರೀ ಮುಂಬೈ ಸುದ್ದಿ ಆಗಿರಲಿಲ್ಲ. ಆಶಾ ಹುಟ್ಟಿದ್ದು ಸಾಂಗಲಿಯಲ್ಲಿ, 1933ರಲ್ಲಿ. ಯಡ್ರಾವದಿಂದ ಸಾಂಗಲಿ ಬಸ್ಸಿಗೆ ಒಂದು ತಾಸಿನ ದಾರಿ. ಮರಾಠಿಯವರ ಹಾಗೆ ಇಲ್ಲಿನ ಕನ್ನಡದವರೂ ಆಕೆಯನ್ನು ಆಶಾತಾಈ ಅಂತಲೇ ಕರೆಯೋದು, ಅಂದರೆ ಆಶಕ್ಕ. ಮನೆಯ ಹುಡುಗಿ ಏನೋ ಮಾಡಬಾರದ್ದು ಮಾಡಿದಳು ಅನ್ನೋ ಧಾಟಿಯಲ್ಲೇ ಮಾತು ನಡೆಯುತ್ತಿತ್ತು. ಹಿರಿಯ ಮಾಸ್ತರರೊಬ್ಬರು ಕ್ಯಾಸೆಟ್ ಒಂದೇ ಬದಿ ಕೇಳಿ ತೆಗೆದಿಟ್ಟುಬಿಟ್ಟಿದ್ದರು. "ಪಂಚಮ್ ಬದುಕಿದ್ರ ಹಿಂಗ ಮಾಡಾಕ ಬಿಡತಿದ್ದಾ ಏನು?" ಅನ್ನೋದು ಅವರ ಪ್ರಶ್ನೆ.

ಆದರೆ ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ಬೇರೆಯದೇ ಕತೆ. ಪವರ್‌ಲೂಮ್ ಶೆಡ್ಡಿನೊಳಗೆ ಒಮ್ಮೆ ಹೋಗಿ ನಿಂತವರಿಗೆ ಗೊತ್ತು, ಪಕ್ಕದವನ ಮಾತೂ ಕೇಳಿಸೋದಿಲ್ಲ, ಕೈಸನ್ನೆಯಲ್ಲೇ ವ್ಯವಹಾರ. ಹಳೆಯ ಹಾಡುಗಳ ಧ್ವನಿಮುದ್ರಣ ಹೆಚ್ಚಾಗಿ ಮೋನೊ. ದನಿ ಮುಂದೆ, ತಬಲಾ-ಢೋಲಕ್ ಹಿಂದೆ, ಅದೂ ತೆಳ್ಳಗೆ. ಅಂಥ ಗದ್ದಲದಲ್ಲಿ ಅದು ಕಿವಿ ತನಕ ಬರೋದೇ ಇಲ್ಲ. "ಸರ್, ಮಗ್ಗದಾಗ ತಬಲಾ ಕೇಳತೈತೇನ್ರಿ? ಢಬಢಬ ಅಂದ್ರನ ಹಾಡ ನಡದೈತಿ ಅಂತ ತಿಳೀತೈತಿ" ಅಂತ ಮಗ್ಗ ನಡೆಸುವ ಪಾಲಕರೊಬ್ಬರು ನನಗೆ ಹೇಳಿದ್ದರು. ಹಳೇ ಹಾಡಿನ ಮೇಲೆ ಡ್ರಮ್ ಸುರಿದ 'ಝಂಕಾರ್ ಬೀಟ್ಸ್' ಕ್ಯಾಸೆಟ್ಟುಗಳು ಟೆಂಪೊ, ಆಟೋ, ಶೆಡ್ಡುಗಳಲ್ಲಿ ಅಷ್ಟೊಂದು ಓಡಿದ್ದು ಯಾಕೆ ಅಂತ ನನಗೆ ಆವತ್ತು ಹೊಳೆಯಿತು. ಸದ್ದಿನೊಳಗೆ ಹನ್ನೆರಡು ತಾಸು ದುಡಿಯುವವನಿಗೆ ಅಭಿರುಚಿ ಇಲ್ಲ ಅನ್ನೋದು ಸುಲಭ. ಪಂಖಾ ಕೆಳಗೆ ಕೂತು ಹೆಡ್‌ಫೋನ್ ಹಾಕಿಕೊಂಡವರು ಹೇಳೋ ಮಾತು ಅದು.

ಹಾಗಂತ ಎಲ್ಲಾ ರೀಮಿಕ್ಸೂ ಒಂದೇ ಅಂತ ನಾನು ಹೇಳ್ತಿಲ್ಲ. 2002ರ 'ಕಾಂಟಾ ಲಗಾ' ನೆನಪಿರಬೇಕಲ್ಲ? 1972ರ 'ಸಮಾಧಿ' ಚಿತ್ರಕ್ಕೆ ಲತಾ ಹಾಡಿದ್ದು, ಅದೂ ಪಂಚಮ್ ಸಂಗೀತವೇ. ಮೂವತ್ತು ವರ್ಷದ ಮೇಲೆ ಬೇರೆ ದನಿ, ಬೇರೆ ತಾಳ, ಮೇಲೊಂದು ವಿಡಿಯೋ. ಕುಣಿದವರು ಯಾರು ಅಂತ ಇಡೀ ದೇಶಕ್ಕೆ ಗೊತ್ತಾಯಿತು. ರಾಗ ಹಾಕಿದವರು ಯಾರು ಅಂತ ಕ್ಲಾಸಿನಲ್ಲಿ ಕೇಳಿದರೆ ಒಂದೂ ಕೈ ಮೇಲೇಳಲಿಲ್ಲ. ಆಗಿನ ಕಾನೂನೂ ಹಾಗೇ ಇತ್ತು. ಹಾಡು ಬಂದು ಎರಡು ವರ್ಷ ಕಳೆದರೆ, ನೋಟಿಸು ಕೊಟ್ಟು ರಾಯಲ್ಟಿ ಕಟ್ಟಿ ಯಾರು ಬೇಕಾದರೂ ತಮ್ಮ 'ವರ್ಷನ್' ಮಾಡಬಹುದಿತ್ತು. 2012ರ ತಿದ್ದುಪಡಿ ಆ ಎರಡು ವರ್ಷವನ್ನು ಐದು ಮಾಡಿತು, ಮಾಲೀಕರ ಒಪ್ಪಿಗೆ ಇಲ್ಲದೆ ಸಾಹಿತ್ಯ-ಸಂಗೀತ ತಿರುಚಬಾರದು ಅಂತಲೂ ಹೇಳಿತು. ಆದರೆ ಗಮನಿಸಿ, ಮಾಲೀಕರು ಅಂದರೆ ಬಹುಪಾಲು ಕಂಪನಿ, ಹಾಡಿದವರಲ್ಲ. ಕಂಪನಿಯೇ ತನ್ನ ಹಳೇ ಹಾಡು ತಿರುಚಿದರೆ ಕೇಳೋರು ಯಾರು?

ಲತಾ 2018ರಲ್ಲಿ ಬರೆದ ಬಹಿರಂಗ ಪತ್ರವನ್ನು ರೀಮಿಕ್ಸ್ ವಿರೋಧಿಗಳು ಬಾಯಿಪಾಠ ಮಾಡಿದ ಹಾಗೆ ಎತ್ತಿ ತೋರಿಸುತ್ತಾರೆ. ಪೂರ್ತಿ ಓದಿದವರು ಕಮ್ಮಿ. ಮೂಲ ರೂಪ ಉಳಿಸಿಕೊಂಡು ಹೊಸದಾಗಿ ಹಾಡಿದರೆ ತಪ್ಪಿಲ್ಲ ಅಂತಲೇ ಅವರು ಬರೆದಿದ್ದರು. ಅವರ ತಕರಾರು ಇದ್ದದ್ದು ತಿರುಚೋದಕ್ಕೆ, ಮತ್ತೆ ಒಬ್ಬರ ಕೆಲಸದ ಹೆಸರು ಇನ್ನೊಬ್ಬರಿಗೆ ಹೋಗೋದಕ್ಕೆ.

ಈ 'ಹೆಸರು' ಅನ್ನೋದೇ ನನಗೆ ಮುಖ್ಯ ಅನ್ನಿಸುತ್ತೆ. ಹಳೇ ಮರಾಠಿ ಸಂಗೀತ ನಾಟಕದ ಪುಸ್ತಕ ತೆಗೆದು ನೋಡಿ. ಪದದ ತಲೆಯ ಮೇಲೆ 'ಚಾಲ್' ಅಂತ ಬರೆದು, ಈ ರಾಗ ಯಾವ ಹಾಡಿನಿಂದ ತಂದದ್ದು ಅಂತ ಅಚ್ಚು ಹಾಕಿರುತ್ತಾರೆ. ನಮ್ಮ ಕನ್ನಡ ಕಂಪನಿ ನಾಟಕದ, ಭಜನೆಯ ಪುಸ್ತಕಗಳಲ್ಲಿ ಅದೇ 'ಮಟ್ಟು'. ಅಣ್ಣಾಸಾಹೇಬ ಕಿರ್ಲೋಸ್ಕರ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು, ಅವರ ನಾಟಕಗಳ ಎಷ್ಟೋ ಪದಗಳ ಚಾಲ್ ಕನ್ನಡದ್ದು. ಆಶಾರ ತಂದೆ ಮಾಸ್ಟರ್ ದೀನಾನಾಥರು ಇದೇ ನಾಟ್ಯಸಂಗೀತದ ದೊಡ್ಡ ಹೆಸರು. ಒಂದು ರಾಗಕ್ಕೆ ಹೊಸ ಅಂಗಿ ತೊಡಿಸೋದನ್ನು ನೋಡುತ್ತಲೇ ಬೆಳೆದ ಮನೆತನ ಅದು. ಪಂಚಮ್ ಕೂಡ ಏನು ಕಮ್ಮಿ? 'ಶೋಲೆ'ಯ 'ಮೆಹಬೂಬಾ' ಎಲ್ಲಿಂದ ಬಂತು ಅಂತ ಡೆಮಿಸ್ ರೂಸೋಸ್ ಹಾಡು ಕೇಳಿದವರಿಗೆ ಗೊತ್ತು. ಅಲ್ಲಿ ಮಾತ್ರ 'ಚಾಲ್' ಬರೆಯಲಿಲ್ಲ!

ಇನ್ನೊಂದು ತಮಾಷೆ ಹೇಳಬೇಕು. 2005ರಲ್ಲಿ ಆಶಾ ಅಮೆರಿಕದ ಕ್ರೋನೋಸ್ ಕ್ವಾರ್ಟೆಟ್ ಜೊತೆ ಮತ್ತೆ ಪಂಚಮ್ ಹಾಡುಗಳನ್ನೇ ಹಾಡಿದರು, ಎಪ್ಪತ್ತು ದಾಟಿದ ಮೇಲೆ. ಆಲ್ಬಂ ಗ್ರ್ಯಾಮಿ ನಾಮನಿರ್ದೇಶನದ ತನಕ ಹೋಯಿತು. 1996ರಲ್ಲಿ ಮೂಗು ಮುರಿದಿದ್ದ ನನ್ನ ಪರಿಚಯದವರೇ ಈ ಸಲ ಭೇಷ್ ಅಂದರು. ಹಾಡು ಅವೇ, ಗಾಯಕಿ ಆಕೆಯೇ, ಬದಲಿಸಿದ್ದೂ ಹೌದು. ಪಿಟೀಲು ಬಂದರೆ ಗೌರವ, ಡ್ರಮ್ ಮಷೀನ್ ಬಂದರೆ ಅವಮಾನ, ಇದ್ಯಾವ ನ್ಯಾಯ? ಅತ್ತ ಇಂಗ್ಲೆಂಡಿನಲ್ಲಿ ಕಾರ್ನರ್‌ಶಾಪ್ ತಂಡ ಆಶಾರ ಹೆಸರಿನಲ್ಲೇ ಕಟ್ಟಿದ 'ಬ್ರಿಮ್‌ಫುಲ್ ಆಫ್ ಆಶಾ' 1997ರಲ್ಲಿ ಬಂದಾಗ ಅಷ್ಟಾಗಿ ಓಡಲಿಲ್ಲ. ನಾರ್ಮನ್ ಕುಕ್ ರೀಮಿಕ್ಸ್ ಮಾಡಿದ ಮೇಲೆ 1998ರಲ್ಲಿ ಅಲ್ಲಿಯ ಪಟ್ಟಿಯಲ್ಲಿ ಒಂದನೇ ನಂಬರಿಗೆ ಏರಿತು.

ನನಗೆ 'ರಾಹುಲ್ ಅಂಡ್ ಐ' ಇಷ್ಟವಾಯಿತಾ? ಪೂರ್ತಿ ಇಲ್ಲ. ಪಂಚಮ್ ಹಾಡಿನಲ್ಲಿ ಎರಡು ಸಾಲಿನ ನಡುವೆ ಇರೋ ಖಾಲಿ ಜಾಗವೇ ಒಂದು ವಾದ್ಯ. ರೀಮಿಕ್ಸಿನಲ್ಲಿ ಆ ಜಾಗವನ್ನು ತುಂಬಿಬಿಡುತ್ತಾರೆ, ಉಸಿರಾಡಲಿಕ್ಕೆ ಸಂದು ಇರೋದಿಲ್ಲ. ಆದರೆ ಇದು ಕೇಳುಗನಾಗಿ ನನ್ನ ರುಚಿ. ಹಾಡಿದಾಕೆಗೆ ತನ್ನ ಹಾಡಿನ ಜೊತೆ ಆಡೋ ಹಕ್ಕಿಲ್ಲ ಅನ್ನಲಿಕ್ಕೆ ನನ್ನ ರುಚಿ ಸಾಕಾಗೋದಿಲ್ಲ. ನಾವು ಕಾಪಾಡಲಿಕ್ಕೆ ಹೊರಟಿರೋದು ಹಾಡನ್ನೋ, ಆ ಹಾಡು ಕೇಳಿದಾಗಿನ ನಮ್ಮ ವಯಸ್ಸನ್ನೋ ಅಂತ ಸಂಶಯ ಬರುತ್ತೆ. ಮೂಲ ಹಾಡೇನು ಅಳಿಸಿಹೋಗಿಲ್ಲವಲ್ಲ, ಕೇಳಬೇಕು ಅಂದವರಿಗೆ ಅದು ಇದ್ದೇ ಇದೆ.

ಇಷ್ಟು ಯಾಕೆ ತಲೆ ಕೆಡಿಸಿಕೊಂಡೆ ಅಂದರೆ, ಗಡಿಯ ಈಚೆ ಕನ್ನಡ ಶಾಲೆಯ ಮಕ್ಕಳಿಗೆ ಕನ್ನಡದ ಹಾಡು ಬರೋದೇ ಅಪರೂಪ. ಬೀದಿಯ ಡಾಲ್ಬಿಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ. ಷರೀಫರ ಗುಡುಗುಡಿ ಪದ ನಮ್ಮ ಕೆಲವು ಹುಡುಗರಿಗೆ ಗೊತ್ತಾಗಿದ್ದು ರಘು ದೀಕ್ಷಿತ್ 2008ರ ಆಲ್ಬಂನಲ್ಲಿ ಗಿಟಾರ್ ಹಿಡಿದು ಹಾಡಿದ್ದರಿಂದ. ಏಕತಾರಿ ಇಲ್ಲ ಅಂತ ನಾನು ಅವರ ಬಾಯಿ ಮುಚ್ಚಿಸಿದರೆ ಆಮೇಲೆ ಅವರು ಹಾಡೋದು ಏನನ್ನು?

ಈಗಂತೂ ಹಾಡಿದವರು ಇಲ್ಲದೆಯೇ ಅವರ ದನಿ ಹಾಡುವ ಕಾಲ. 2025ರಲ್ಲಿ ಆಶಾ ಭೋಸಲೆ ಅವರೇ ಬಾಂಬೆ ಹೈಕೋರ್ಟಿಗೆ ಹೋಗಿ, ಎಐ ಹಾಕಿ ತಮ್ಮ ದನಿ ನಕಲು ಮಾಡದಂತೆ ಆದೇಶ ತಂದರು. ತನ್ನ ಹಾಡನ್ನು ತಾನೇ ರೀಮಿಕ್ಸ್ ಮಾಡಿದ ಹೆಂಗಸೇ ಈ ಕೇಸು ಹಾಕಿದ್ದು. ಆ ಎರಡರ ನಡುವಿನ ಗೆರೆ ಆಕೆಗೆ ಸ್ಪಷ್ಟ ಇತ್ತು, ಅಭಿಮಾನಿಗಳಾದ ನಮಗೇ ಇನ್ನೂ ಇಲ್ಲ.

ನಮ್ಮ ಶಾಲೆಯ ಗ್ಯಾದರಿಂಗ್‌ನಲ್ಲಿ ಒಂದು ಪದ್ಧತಿ ಶುರು ಮಾಡಿದ್ದೇವೆ. ರೀಮಿಕ್ಸ್ ಇರಲಿ, ಮೂಲ ಇರಲಿ, ಕುಣಿಯೋ ಮೊದಲು ಮೈಕಿನಲ್ಲಿ ಮೂರು ಹೆಸರು ಹೇಳಬೇಕು: ಬರೆದವರು, ರಾಗ ಹಾಕಿದವರು, ಮೊದಲು ಹಾಡಿದವರು. ಏಳನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಸರ್, ಡ್ರಮ್ ಹಾಕಿದಾವ್ರ ಹೆಸರು ಬ್ಯಾಡೇನ್ರಿ?" ಅದನ್ನೂ ಸೇರಿಸಿದೆವು. ಈಗ ನಾಲ್ಕು.