ಅಂಗಳದಲ್ಲೇ ನಿಂತವನ ಕಥೆ

ಮಳವಳ್ಳಿಯ ಓದುಗ ಮಿತ್ರರೊಬ್ಬರು ಸಿಟ್ಟಿನಲ್ಲಿ ಕಾರ್ಡು ಗೀಚಿದ್ದಾರೆ: 'ಹಳೇ ಕಾಲದ ಜೀತದ ಗೋಳು ನಮಗ್ಯಾಕ್ರೀ? ಫೈಟಿಂಗ್ ಬಗ್ಗೆ ಬರೀರಿ!'

ಬರೆಯೋಣ ಸ್ವಾಮಿ, ಫೈಟಿಂಗ್ ಎಲ್ಲಿಗೂ ಓಡಿಹೋಗಲ್ಲ. ಮೊದಲು ಇದಕ್ಕೆ ಉತ್ತರ ಹೇಳಿ. ನಮ್ಮ ಪಿಚ್ಚರುಗಳಲ್ಲಿ ಮನೆಯಾಳು ಯಾಕೆ ಬರುತ್ತಾನೆ? ಕಾಫಿ ತರೋಕೆ, ಒದೆ ತಿನ್ನೋಕೆ, ನಗಿಸೋಕೆ. ರಾತ್ರಿ ಅವನು ಎಲ್ಲಿ ಮಲಗುತ್ತಾನೆ, ಯಾವ ಲೋಟದಲ್ಲಿ ಕುಡಿಯುತ್ತಾನೆ? ಕ್ಯಾಮರಾ ಆ ಕಡೆ ತಿರುಗೋದೇ ಅಪರೂಪ.

'ಚೋಮನ ದುಡಿ' ತಿರುಗಿತು. ಶಿವರಾಮ ಕಾರಂತರ ಕಾದಂಬರಿ 1933ರದು, ಬಿ.ವಿ. ಕಾರಂತರ ಚಿತ್ರ 1975ರದು. ಚಿತ್ರಕ್ಕೆ ಸ್ವರ್ಣಕಮಲ, ಚೋಮನಾದ ಎಂ.ವಿ. ವಾಸುದೇವರಾಯರಿಗೆ ರಾಷ್ಟ್ರದ ಶ್ರೇಷ್ಠ ನಟ ಪ್ರಶಸ್ತಿ! ಚೋಮ ಕೇಳೋದು ಉಳೋಕೆ ಒಂದು ತುಂಡು ನೆಲ. ಅಸ್ಪೃಶ್ಯನಿಗೆ ಬೇಸಾಯವೇ ಅನ್ನುತ್ತದೆ ಊರು. ಸಾಲ ತೀರಿಸಲು ತೋಟಕ್ಕೆ ಹೋದ ಮಗಳು ಬೆಳ್ಳಿ ಯಜಮಾನನ ಕೈಗೆ ಸಿಕ್ಕುತ್ತಾಳೆ. ಮಗ ನೀರಲ್ಲಿ ಮುಳುಗುತ್ತಿದ್ದರೂ ಮೇಲಿನವರು ಮುಟ್ಟಿ ಎತ್ತೋದಿಲ್ಲ.

ಜೀತ ನಿಷೇಧದ ಕಾಯ್ದೆ ಬಂದದ್ದು 1976ರಲ್ಲಿ. ಅದನ್ನು ಓದಿದರೆ ಜೀತ ಅಪರಾಧ ಅಂತ ಗೊತ್ತಾಗುತ್ತೆ. ಆ ದಡದ ಮೇಲೆ ನಮ್ಮಜ್ಜನೂ ನಿಂತಿದ್ದನೋ ಏನೋ ಅನ್ನೋ ಅನುಮಾನ ಹುಟ್ಟೋದು ಕಥೆಯಿಂದ.

ಅಮೆರಿಕದಲ್ಲೂ ಇಂಥದೊಂದು ಚಿತ್ರ ಬಂತು, 'ದಿ ಹೆಲ್ಪ್', 2011ರಲ್ಲಿ. ಅದೂ ಕಾದಂಬರಿಯಿಂದಲೇ. 1960ರ ದಶಕದ ಮಿಸಿಸಿಪ್ಪಿ. ಕಪ್ಪು ಹೆಂಗಸು ಬಿಳಿಯರ ಮಗೂನ ಎತ್ತಿ ಸಾಕಬಹುದು, ಅಡಿಗೆ ಮಾಡಿ ಬಡಿಸಬಹುದು, ಕಕ್ಕಸು ಮಾತ್ರ ಬೇರೆ! ಮಂಡ್ಯ, ಮದ್ದೂರು ಕಡೆ ಹಿತ್ತಲ ಸೂರಿಗೆ ಸಿಕ್ಕಿಸಿದ ಬೇರೆ ಲೋಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಆದರೆ ಅದರ ನಾಯಕಿ ವಯೋಲಾ ಡೇವಿಸ್ ಆ ಪಾತ್ರ ಮಾಡಿದ್ದಕ್ಕೆ 2018ರಲ್ಲಿ ವಿಷಾದಪಟ್ಟರು. ಕೊನೆಗೂ ಕೆಲಸದವರ ದನಿ ಕೇಳಿಸಲಿಲ್ಲ ಅನ್ನೋದು ಅವರ ಕೊರಗು. ನಿಜವೇ. ಅವರ ಕಷ್ಟ ಕೇಳಿ ಪುಸ್ತಕ ಮಾಡೋಳು ಬಿಳಿ ಹುಡುಗಿ.

ಅದಕ್ಕೇ ನನಗೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಒಂದು ಕೈ ಹೆಚ್ಚು. ಬಂದದ್ದು 1967ರಲ್ಲಿ, ಕಥೆ ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡಿನದು. ಅದರ ನಾಯಿಗುತ್ತಿ ಗೌಡರ ಅಂಗಳದಲ್ಲೇ ನಿಲ್ಲಬೇಕಾದ ಆಳು, ಆದರೆ ಗೋಳಾಡೋನಲ್ಲ. ತಿಮ್ಮಿಗೆ ಬೇರೆ ಗಂಡು ಗೊತ್ತಾದರೆ ಅವಳನ್ನು ಹಾರಿಸಿಕೊಂಡು ಹೋಗೋ ಗಟ್ಟಿಗ! ಜೊತೆಗೆ ಅವನ ನಾಯಿ ಹುಲಿಯ.

ಮಳವಳ್ಳಿ ಮಿತ್ರರೇ, ಫೈಟಿಂಗ್ ಕೇಳಿದ್ರಲ್ಲ? ಪುಸ್ತಕ ದಪ್ಪಗಿದೆ, ಹೆದರಬೇಡಿ. ಮೊದಲು ಗುತ್ತಿ ಬರೋ ಕಡೆ ಹುಡುಕಿ ಓದಿ.